ಉಪ್ಪಿನ ದಾರಿಯಲ್ಲಿ ಬಂದ ಧರ್ಮ

ಸ್ಪೇನಿನ ಅಲ್-ಬಕ್ರಿ ಎಂಬ ಭೂಗೋಳಜ್ಞ 1068ರಲ್ಲಿ ಸಹಾರಾದ ಆಚೆಯ ಘಾನಾ ರಾಜ್ಯದ ಬಗ್ಗೆ ಬರೆದಿಟ್ಟ. ತಾನು ಅಲ್ಲಿಗೆ ಹೋದವನಲ್ಲ, ಹೋಗಿಬಂದವರ ಮಾತು ಕೇಳಿ, ಹಳೆಯ ಬರಹ ನೋಡಿ ಬರೆದದ್ದು. (ಇವತ್ತಿನ ಘಾನಾ ದೇಶಕ್ಕೂ ಅದಕ್ಕೂ ಇರುವುದು ಹೆಸರಿನ ನಂಟು ಮಾತ್ರ. ಹಳೆಯ ಘಾನಾ ಇದ್ದದ್ದು ಇಂದಿನ ಮಾರಿಟಾನಿಯಾ ಮತ್ತು ಮಾಲಿಯ ಗಡಿಸೀಮೆಯಲ್ಲಿ. ಅದು ಸೋನಿಂಕೆ ಜನರ ರಾಜ್ಯ.) ಅವನ ಪ್ರಕಾರ ರಾಜಧಾನಿ ಎಂದರೆ ಎರಡು ಊರು. ಒಂದು ಮುಸ್ಲಿಂ ವ್ಯಾಪಾರಿಗಳದು, ಅಲ್ಲಿ 12 ಮಸೀದಿಗಳು, ಇಮಾಮರು, ಧರ್ಮಶಾಸ್ತ್ರ ಬಲ್ಲ ಪಂಡಿತರು. ಆರು ಮೈಲಿ ಆಚೆ ರಾಜನ ಊರು. ಅದರ ಸುತ್ತ ದೇವರಕಾಡು, ಅದಕ್ಕೆ ಪೂಜಾರಿಗಳ ಕಾವಲು. ರಾಜ ಮುಸ್ಲಿಮನಲ್ಲ. ಆದರೆ ಅವನ ದುಭಾಷಿಗಳು, ಖಜಾಂಚಿ, ಮಂತ್ರಿಗಳಲ್ಲಿ ಹೆಚ್ಚಿನವರು ಮುಸ್ಲಿಮರು.

ಪಶ್ಚಿಮ ಆಫ್ರಿಕಾದಲ್ಲಿ ಇಸ್ಲಾಂ ಹರಡಿದ ಬಗೆಯ ಸುಳಿವು ಈ ಆರು ಮೈಲಿಯಲ್ಲೇ ಇದೆ. ಏಳನೇ ಶತಮಾನದಲ್ಲಿ ಉತ್ತರ ಆಫ್ರಿಕಾವನ್ನು ಗೆದ್ದ ಅರಬ್ ಸೈನ್ಯ ಮರುಭೂಮಿ ದಾಟಿ ಇತ್ತ ರಾಜ್ಯ ಕಟ್ಟಲಿಲ್ಲ. ದಾಟಿದ್ದು ಒಂಟೆ ಮೇಲೆ ಉಪ್ಪು, ತಾಮ್ರ, ಬಟ್ಟೆ ಹೇರಿಕೊಂಡ ವ್ಯಾಪಾರಿಗಳು. ಮೊರಾಕ್ಕೊದ ಸಿಜಿಲ್ಮಾಸಾದಿಂದ ಹೊರಟರೆ ಎರಡು ತಿಂಗಳ ಹಾದಿ. ಆಚೆ ದಂಡೆಯಲ್ಲಿ ಅವರಿಗೆ ಬೇಕಿದ್ದದ್ದು ಚಿನ್ನ. ಘಾನಾದ ದೊರೆಯ ಹತ್ತಿರ ಚಿನ್ನದ ಗಣಿ ಇರಲಿಲ್ಲ. ಅದು ಇನ್ನೂ ದಕ್ಷಿಣಕ್ಕಿತ್ತು. ಅವನ ಕೈಲಿದ್ದದ್ದು ಸುಂಕದ ಕಟ್ಟೆ. ಒಳಬರುವ ಒಂದು ಕತ್ತೆಹೇರು ಉಪ್ಪಿಗೆ ಒಂದು ದಿನಾರ್ ಚಿನ್ನ, ಹೊರಹೋಗುವುದಕ್ಕೆ ಎರಡು. ಚಿನ್ನದ ಗಟ್ಟಿ ಸಿಕ್ಕಿದರೆ ರಾಜನಿಗೆ, ಪುಡಿ ಜನರಿಗೆ. ಗಟ್ಟಿಯನ್ನೂ ಬಿಟ್ಟರೆ ಚಿನ್ನದ ಬೆಲೆಯೇ ಬಿದ್ದುಹೋದೀತೆಂದು ಈ ಕಟ್ಟಳೆ.

ಇಂಥ ದೊರೆಗೆ ಲೆಕ್ಕ ಬರೆಯಬಲ್ಲ ಮುಸ್ಲಿಂ ಖಜಾಂಚಿ ಬೇಕೇಬೇಕು. ಮತಾಂತರ ಮಾತ್ರ ಅಷ್ಟು ಸಲೀಸಲ್ಲ, ಏಕೆಂದರೆ ಪ್ರಜೆಗಳ ಕಣ್ಣಲ್ಲಿ ಅವನ ಅಧಿಕಾರ ನಿಂತಿದ್ದದ್ದು ಆ ದೇವರಕಾಡಿನ ಮೇಲೆ. ವ್ಯಾಪಾರಿಯ ಲೆಕ್ಕ ಬೇರೆ. ಒಂದೇ ಧರ್ಮದವನಾದರೆ ದೂರದ ಊರಿನಲ್ಲೂ ಸಾಲ ಹುಟ್ಟುತ್ತದೆ, ಕರಾರುಪತ್ರಕ್ಕೆ ಬೆಲೆ ಬರುತ್ತದೆ, ಜಗಳವಾದರೆ ಖಾಜಿ ಇದ್ದಾನೆ. ಮೊದಲು ಒಲಿದವರು ಅವರೇ. ಆಮೇಲೆ ಅರಮನೆ. ಊರಿನ ರೈತ ಬಹಳ ಕಾಲ ತನ್ನ ಪಾಡಿಗೆ ತಾನಿದ್ದ.

ಅಲ್-ಬಕ್ರಿ ಮಲಾಲ್ ಎಂಬ ನಾಡಿನ ಕಥೆಯೊಂದನ್ನೂ ಹೇಳುತ್ತಾನೆ. ಮಳೆ ಹೋಗಿ ವರ್ಷಗಳಾಗಿದ್ದವು, ಬಲಿ ಕೊಟ್ಟು ಕೊಟ್ಟು ದನಗಳೇ ತೀರುತ್ತ ಬಂದಿದ್ದವು. ರಾಜನ ಮನೆಗೆ ಬಂದಿದ್ದ ಮುಸ್ಲಿಂ ಅತಿಥಿಯೊಬ್ಬ ಅವನಿಗೆ ಪ್ರಾರ್ಥನೆ ಕಲಿಸಿ ಗುಡ್ಡದ ಮೇಲೆ ರಾತ್ರಿಯಿಡೀ ಕೂರಿಸಿದ. ಬೆಳಗಾಗುವಾಗ ಮಳೆ. ರಾಜ ವಿಗ್ರಹಗಳನ್ನು ಒಡೆಸಿದ, ಮನೆಯವರು ಮತ್ತು ಸರದಾರರು ಮುಸ್ಲಿಮರಾದರು, ಪ್ರಜೆಗಳು ಮಾತ್ರ ಹಳೆಯ ನಂಬಿಕೆಯಲ್ಲೇ ಉಳಿದರು. ಮಳೆಯ ವಿಷಯ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕೊನೆಯ ಮಾತು ಮಾತ್ರ ಪವಾಡ ಹೊಗಳುವವರು ಬೇಕೆಂದು ಸೇರಿಸುವಂಥದ್ದಲ್ಲ, ಹಾಗಾಗಿ ನಿಜವೇ ಇರಬೇಕು.

ಖಡ್ಗದ ಪಾಲೇ ಇರಲಿಲ್ಲ ಎಂದಲ್ಲ. ಸೆನೆಗಲ್ ನದಿದಂಡೆಯ ತಕ್ರೂರಿನ ದೊರೆ ವಾರ್ ಜಾಬಿ ತನ್ನ ಜನರ ಮೇಲೆ ಹೊಸ ಕಾನೂನನ್ನೇ ಹೇರಿದ. ಮರುಭೂಮಿಯ ಬರ್ಬರ್ ಬುಡಕಟ್ಟುಗಳಲ್ಲಿ ಹುಟ್ಟಿದ ಧರ್ಮಸುಧಾರಕ ಪಡೆ ಅಲ್ಮೊರಾವಿದರು 1054ರಲ್ಲಿ ಔದಗೋಸ್ತ್ ಪೇಟೆಯನ್ನು ಕೊಳ್ಳೆಹೊಡೆದರು. 1076ರಲ್ಲಿ ಅವರು ಘಾನಾವನ್ನೂ ಗೆದ್ದರೆಂದು ಶಾಲಾಪಾಠಗಳು ಹೇಳುತ್ತಿದ್ದವು. ಈಗ ಅನೇಕ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ.

ಘಾನಾದ ನಂತರ ಬಂದ ಮಾಲಿ ಸಾಮ್ರಾಜ್ಯದ ದೊರೆಗಳು ಮುಸ್ಲಿಮರು. 1324ರಲ್ಲಿ ಹಜ್‌ಗೆ ಹೊರಟ ಮನ್ಸಾ ಮೂಸಾ ಕೈರೋದಲ್ಲಿ ಚಿನ್ನ ಚೆಲ್ಲಿ ಅದರ ದರವನ್ನೇ ಇಳಿಸಿದ ಕಥೆ ಎಲ್ಲರೂ ಕೇಳಿದ್ದೇ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅದೇ ಕೈರೋದಲ್ಲಿ ವಿಷಯ ಸಂಗ್ರಹಿಸಿದ ಅಲ್-ಉಮರಿ ಎಂಬ ಅರಬ್ ಲೇಖಕ ಬರೆದ ಇನ್ನೊಂದು ಸಂಗತಿ. ಚಿನ್ನ ತೆಗೆಯುವ ಊರನ್ನು ಗೆದ್ದು ಅಲ್ಲಿ ಇಸ್ಲಾಂ ತಂದರೆ ಚಿನ್ನದ ಹುಟ್ಟುವಳಿ ಕುಗ್ಗುತ್ತದಂತೆ. ಆದ್ದರಿಂದ ಮಾಲಿಯ ದೊರೆಗಳು ಆ ಜನರನ್ನು ಅವರ ಧರ್ಮಕ್ಕೇ ಬಿಟ್ಟು ಕಪ್ಪ ಮಾತ್ರ ವಸೂಲು ಮಾಡುತ್ತಿದ್ದರು. ಹಜ್ ಮಾಡಿಬಂದ ದೊರೆಯೂ ಖಜಾನೆಯ ವಿಷಯ ಬಂದಾಗ ಧರ್ಮಪ್ರಚಾರಕ್ಕೆ ಹೋಗಲಿಲ್ಲ.

1352ರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದೇ ದಾರಿ ಹಿಡಿದ. 25 ದಿನಕ್ಕೆ ತಗಾಝಾ ಎಂಬ ಉಪ್ಪಿನ ಗಣಿಯ ಊರು ತಲುಪಿದ. ಅಲ್ಲಿ ಮನೆ, ಮಸೀದಿಗಳ ಗೋಡೆಯೆಲ್ಲ ಉಪ್ಪಿನ ಹಲಗೆ, ಸೂರು ಒಂಟೆಯ ಚರ್ಮ. ಒಂದು ಮರವಿಲ್ಲ. ಉಪ್ಪು ಅಗೆಯುವವರು ಗುಲಾಮರು, ಅವರ ಅನ್ನ ದೂರದಿಂದ ಬರಬೇಕು. ಒಂದು ಒಂಟೆಹೇರು ಉಪ್ಪು ಮರುಭೂಮಿಯ ದಕ್ಷಿಣ ಅಂಚಿನ ವಲಾತಾದಲ್ಲಿ 8ರಿಂದ 10 ಮಿಸ್ಕಾಲ್ (ಆ ಕಾಲದ ಚಿನ್ನದ ತೂಕ) ಚಿನ್ನಕ್ಕೆ ಹೋಗುತ್ತಿತ್ತು, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ವಾಪಸು ಬರುವಾಗ ಅವನಿದ್ದ ಒಂಟೆ ತಂಡದಲ್ಲಿ ಮಾರಾಟಕ್ಕೆ ಸಾಗಿಸುತ್ತಿದ್ದ ಸುಮಾರು 600 ಹೆಣ್ಣಾಳುಗಳಿದ್ದರು. ಈ ವ್ಯಾಪಾರವನ್ನು ಬರೀ ಉಪ್ಪು, ಚಿನ್ನದ ಕಥೆ ಮಾಡುವವರು ಮರೆಯುವ ಭಾಗ ಇದು.

ಅವನಿಗೆ ಅಲ್ಲಿ ಹಿಡಿಸಿದ್ದು ಜನರ ನಮಾಜಿನ ನಿಷ್ಠೆ ಮತ್ತು ದಾರಿಯ ಸುರಕ್ಷತೆ. ಹಿಡಿಸದ್ದು ಹೆಂಗಸರು ಪರದೆಯಿಲ್ಲದೆ ಓಡಾಡುವುದು, ಹಕ್ಕಿಯ ವೇಷ ತೊಟ್ಟ ಕವಿಗಳು ದೊರೆಯ ಮುಂದೆ ಹಾಡುವುದು. ವಲಾತಾದ ಮಸ್ಸೂಫಾ ಜನರಲ್ಲಿ ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಹೋಗುತ್ತಿತ್ತು. ಇದನ್ನು ಮಲಬಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ ಎಂದು ಬರೆದ. ಅವನ ಲೆಕ್ಕದಲ್ಲಿ ಮಲಬಾರು ಗೋವೆಯ ಬಳಿಯಿಂದಲೇ ಶುರು. ಬಾರ್ಕೂರು, ಮಂಗಳೂರುಗಳಲ್ಲಿ ತಂಗಿ ಹೋಗಿದ್ದ ಮನುಷ್ಯ, ಹಾಗಾಗಿ ಅಳಿಯಸಂತಾನದ ತುಳುನಾಡೂ ಆ ಮಾತಿನೊಳಗೇ ಬರುತ್ತದೆ. ಮಾಲ್ಡೀವ್ಸಿನಲ್ಲಿ ರಾಶಿಗಟ್ಟಲೆ ಕಂಡಿದ್ದ ಕವಡೆ ನೈಜರ್ ನದಿದಂಡೆಯ ಗಾವೋ ಪೇಟೆಯಲ್ಲಿ ಒಂದು ದಿನಾರಿಗೆ 1150ರಂತೆ ಹಣವಾಗಿ ಓಡುತ್ತಿದ್ದುದನ್ನೂ ಅವನು ಗುರುತು ಹಾಕಿಕೊಂಡ.

ಪೇಟೆ ಮತ್ತು ಮಸೀದಿಯ ಈ ಹೊಂದಾಣಿಕೆ ಇಂದಿನ ಮಾಲಿಯ ಜೆನ್ನೆ ಊರಿನ ಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. 17ನೇ ಶತಮಾನದ ‘ತಾರೀಖ್ ಅಲ್-ಸುದಾನ್’ ಎಂಬ ಚರಿತ್ರೆಯ ಗ್ರಂಥದ ಪ್ರಕಾರ, ಅಲ್ಲಿನ ದೊರೆ ಕೊಯಿ ಕೊಂಬೊರೊ ಮುಸ್ಲಿಮನಾದ ದಿನ ವಿದ್ವಾಂಸರನ್ನೆಲ್ಲ ಸೇರಿಸಿ ಮೂರು ವರ ಬೇಡಿಸಿದ. ಕಷ್ಟಕ್ಕೆ ಸಿಕ್ಕಿ ಊರು ಬಿಟ್ಟು ಬಂದವರಿಗೆ ಇಲ್ಲಿ ಸುಖ ಸಿಗಲಿ. ಊರವರಿಗಿಂತ ಹೊರಗಿನವರೇ ಹೆಚ್ಚಾಗಿ ನೆಲೆಸಲಿ. ಮಾರಲು ಬಂದವರಿಗೆ ತಾಳ್ಮೆ ಕೆಟ್ಟು, ಸರಕು ಅಗ್ಗಕ್ಕೆ ಬಿಟ್ಟುಹೋಗಲಿ!

ಹೀಗೆ ಬೇರೆ ಧರ್ಮದವರ ನಡುವೆ ಬಾಳುವುದಕ್ಕೆ ಶಾಸ್ತ್ರದ ಆಧಾರವೂ ಹುಟ್ಟಿತು. ಅಲ್-ಹಾಜ್ ಸಾಲಿಂ ಸುವಾರಿ ಎಂಬ ಗುರುವಿನ ಹಾದಿ ಹಿಡಿದ, ಜೂಲಾ ಎಂದು ಕರೆಯಲಾಗುವ ಪಶ್ಚಿಮ ಆಫ್ರಿಕಾದ ಮುಸ್ಲಿಂ ವ್ಯಾಪಾರಿಗಳು, ಯಾರು ಯಾವಾಗ ಮುಸ್ಲಿಮರಾಗಬೇಕೆಂಬುದು ದೇವರಿಗೆ ಬಿಟ್ಟದ್ದು, ನಾವು ನೇರ ಬಾಳಿ ತೋರಿಸಿದರೆ ಸಾಕು ಎಂದು ನಂಬಿದರು. ಇದಕ್ಕೆ ದೊಡ್ಡ ಸವಾಲು ಬಂದದ್ದು 1804ರಲ್ಲಿ. ಹೆಸರಿಗೆ ಮುಸ್ಲಿಮರಾಗಿ ಹಳೆಯ ಆಚಾರವನ್ನೂ ಬಿಡದ ಹೌಸಾ ದೊರೆಗಳ ವಿರುದ್ಧ ಉಸ್ಮಾನ್ ದಾನ್ ಫೋದಿಯೊ ಜಿಹಾದ್ ಸಾರಿ, ಇಂದಿನ ಉತ್ತರ ನೈಜೀರಿಯಾದಲ್ಲಿ ಸೊಕೊಟೊ ರಾಜ್ಯಕ್ಕೆ ಅಡಿಪಾಯ ಹಾಕಿದ.

ಅಷ್ಟಾದರೂ ಹಲವು ಕಡೆ ಹಳ್ಳಿಗಾಡು ದೊಡ್ಡ ಪ್ರಮಾಣದಲ್ಲಿ ಮುಸ್ಲಿಮಾದದ್ದು ಯುರೋಪಿನವರ ಆಳ್ವಿಕೆಯಲ್ಲಿ. ಸೆನೆಗಲ್‌ನ ಸೂಫಿ ಗುರು ಅಮದು ಬಂಬಾಗೆ ಹೆದರಿದ ಫ್ರೆಂಚರು 1895ರಲ್ಲಿ ಅವರನ್ನು ಗೇಬಾನಿಗೆ ಗಡಿಪಾರು ಮಾಡಿದರು. ಅದರಿಂದ ಅವರ ಹೆಸರು ಇನ್ನಷ್ಟು ಬೆಳೆಯಿತು. ಮುಂದೆ ಅವರ ಶಿಷ್ಯರು ಪಾಳು ನೆಲ ಹಸನು ಮಾಡಿ ಕಡಲೆಕಾಯಿ ಬೆಳೆದರು. ಆ ಕಡಲೆಕಾಯಿಯ ರಫ್ತಿನಿಂದ ವಸಾಹತಿನ ಖರ್ಚು ತೂಗಿಸಬೇಕಿದ್ದ ಫ್ರೆಂಚರು ಗುರುವಿನೊಂದಿಗೆ ರಾಜಿಯಾದರು.