ಗುಡ್ಡದ ಮೇಲಿನ ಪವನಚಕ್ಕಿಗೆ ಒಪ್ಪಿಗೆ ಬೇಕು, ಹೊಲದ ಮೇಲಿನ ತಂತಿಗೆ?

ಓದುಗರ ಪ್ರಶ್ನೆ: ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದ ಹಳ್ಳಿ. ಊರ ಗುಡ್ಡದ ಮೇಲೆ ಪವನಚಕ್ಕಿಗಳು ಬರುತ್ತವೆ ಎಂದು ಎರಡು ವರ್ಷದಿಂದ ಸುದ್ದಿಯಿತ್ತು. ಗುಡ್ಡದಲ್ಲಿ ನನಗೆ ಜಮೀನಿಲ್ಲ, ಹಾಗಾಗಿ ಸುಮ್ಮನಿದ್ದೆ. ಹೋದ ವಾರ ಕೆಳಗಿನ ನನ್ನ ನಾಲ್ಕು ಎಕರೆಯಲ್ಲಿ ಯಾರೋ ಗೂಟ ನೆಟ್ಟು ಹೋಗಿದ್ದಾರೆ. ವಿದ್ಯುತ್ ಮಾರ್ಗ ಹಾಯುತ್ತದಂತೆ. ನಮ್ಮನ್ನು ಕೇಳದೆ ಹೀಗೆ ಮಾಡಬಹುದೇ? ಊರಿನವರ ಅಭಿಪ್ರಾಯ ಕೇಳಬೇಕೆಂಬ ಕಾನೂನು ಇಲ್ಲವೇ?

ಮೊದಲು ನೇರ ಉತ್ತರ. ಪವನಚಕ್ಕಿ ನಿಲ್ಲಿಸಲು ಆ ಜಮೀನಿನ ಒಡೆಯನ ಒಪ್ಪಿಗೆ ಬೇಕು. ಅವನು ಮಾರಬೇಕು ಇಲ್ಲವೇ ಲೀಸಿಗೆ ಕೊಡಬೇಕು, ಬೇಡವೆಂದರೆ ಕಂಪನಿ ಬೇರೆ ಜಾಗ ನೋಡಿಕೊಳ್ಳುತ್ತದೆ. ತಂತಿ ಎಳೆಯಲು ನಿಮ್ಮ ಒಪ್ಪಿಗೆ ಬೇಕೋ ಬೇಡವೋ ಎಂಬುದು ಕಂಪನಿಯ ಕೈಯಲ್ಲಿ ಒಂದು ಆದೇಶ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಇನ್ನು ಊರನ್ನೆಲ್ಲ ಕೂರಿಸಿ ಕೇಳುವ ಮಾತು: ಗಾಳಿ ವಿದ್ಯುತ್ ಯೋಜನೆಗೆ ಅಂಥ ಕಡ್ಡಾಯ ನಿಯಮ ಇಲ್ಲ. ಈ ಮೂರನೆಯದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಗಣಿಗೋ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರಕ್ಕೋ ಪರಿಸರ ಅನುಮತಿ ಬೇಕು. ಅದಕ್ಕೂ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಊರಿನವರು ಎದ್ದು ನಿಂತು ಮಾತಾಡುತ್ತಾರೆ, ಮಾತು ದಾಖಲಾಗುತ್ತದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ತೇ ಇಲ್ಲ. ಪಟ್ಟಿಯಲ್ಲಿ ಇಲ್ಲವೆಂದರೆ ಅನುಮತಿ ಬೇಕಿಲ್ಲ, ಅನುಮತಿ ಬೇಕಿಲ್ಲವೆಂದರೆ ಅಹವಾಲು ಸಭೆಯೂ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿ ವಿದ್ಯುತ್ತನ್ನು ಬಿಳಿ ವರ್ಗಕ್ಕೆ, ಅಂದರೆ ಮಾಲಿನ್ಯವೇ ಇಲ್ಲವೆನ್ನುವಷ್ಟು ಕಡಿಮೆ ಇರುವ ಉದ್ಯಮಗಳ ಸಾಲಿಗೆ ಸೇರಿಸಿತು. ಹೊಗೆಯ ಲೆಕ್ಕದಲ್ಲಿ ಅದು ಸರಿ. ಕಲ್ಲಿದ್ದಲಿಗಿಂತ ಗಾಳಿ ಸಾವಿರ ಪಾಲು ಮೇಲು ಎಂದು ನಾನೂ ನಂಬಿದ್ದೇನೆ. ಬರದ ಸೀಮೆಯವರಾದ ನಮಗೆ ಬಿಸಿಲೇರುತ್ತಿರುವ ಕಾಲದ ಕಷ್ಟವನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೊಗೆ ಬರುವುದಿಲ್ಲ ಎಂಬ ಕಾರಣಕ್ಕೆ ಊರಿಗೆ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿದ್ದು ತಪ್ಪು. ಗುಡ್ಡಕ್ಕೆ ರಸ್ತೆ ಕೊರೆಯಬೇಕು, ಐವತ್ತು ಅರವತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಬೇಕು, ಕ್ರೇನ್ ನಿಲ್ಲಬೇಕು, ಕೊನೆಗೆ ತಂತಿ ಇಳಿಯಬೇಕು.

ಜತ್ತದ ಗಾಳಿಯ ಮೇಲೆ ಕಂಪನಿಗಳಿಗೆ ಕಣ್ಣು ಬಿದ್ದದ್ದೇಕೆ ಎಂದು ನಿಮಗೆ ಗೊತ್ತೇ ಇದೆ. ನಾವು ಮಳೆನೆರಳಿನಲ್ಲಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಮೋಡಗಳನ್ನು ನಮ್ಮ ತಲೆಯ ಮೇಲೆ ಹಾಯಿಸಿಕೊಂಡು ಹೋಗುತ್ತದೆ, ಹನಿ ಉದುರಿಸುವುದು ಅಪರೂಪ. ಆಷಾಢದಲ್ಲಿ ಮೋಡ ನೋಡುತ್ತ ಕೂತ ರೈತನಿಗೆ ಶಾಪವೆನಿಸುವ ಆ ಗಾಳಿಯೇ ಪವನಚಕ್ಕಿಗೆ ಸುಗ್ಗಿ. ವರ್ಷದ ವಿದ್ಯುತ್ತಿನ ದೊಡ್ಡ ಪಾಲು ಈ ನಾಲ್ಕು ತಿಂಗಳಲ್ಲೇ ಹುಟ್ಟುತ್ತದೆ.

ಹುಟ್ಟಿದ ವಿದ್ಯುತ್ತು ಗುಡ್ಡದ ಮೇಲೆ ಕೂತರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಅದು ಯಂತ್ರದಲ್ಲಿ 690 ವೋಲ್ಟ್‌ನಲ್ಲಿ ಹುಟ್ಟುತ್ತದೆ. ಬುಡದಲ್ಲೇ ಇರುವ ಟ್ರಾನ್ಸ್‌ಫಾರ್ಮರ್ ಅದನ್ನು 33 ಸಾವಿರ ವೋಲ್ಟ್‌ಗೆ, ಅಂದರೆ 33 ಕೆ.ವಿ.ಗೆ ಏರಿಸುತ್ತದೆ. ಹಲವು ಯಂತ್ರಗಳ 33 ಕೆ.ವಿ. ತಂತಿಗಳು ಕಂಬಗಳ ಮೇಲೆ ಬಂದು ಕಂಪನಿಯದೇ ಒಂದು ಉಪಕೇಂದ್ರದಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿ ಮತ್ತೆ 132 ಅಥವಾ 220 ಕೆ.ವಿ.ಗೆ ಏರಿ, ದೊಡ್ಡ ಗೋಪುರಗಳ ಮೇಲೆ ರಾಜ್ಯದ ಇಲ್ಲವೇ ಕೇಂದ್ರದ ಗ್ರಿಡ್ ಉಪಕೇಂದ್ರ ಸೇರುತ್ತದೆ. ಗುಡ್ಡದ ಮೇಲೆ ಹತ್ತಾರು ಜನರ ಜಮೀನು ಸಾಕು. ತಂತಿಯ ದಾರಿಯಲ್ಲಿ ನೂರಾರು ಜನರ ಹೊಲಗಳು ಸಿಗುತ್ತವೆ. ಊರ ಚಾವಡಿಯಲ್ಲಿ ಎರಡು ವರ್ಷ ಮಾತೆಲ್ಲ ಚಕ್ಕಿಯದ್ದೇ ನಡೆಯುತ್ತದೆ, ತಂತಿಯ ಮಾತು ಗೂಟ ಕಂಡ ದಿನವೇ ಶುರುವಾಗುತ್ತದೆ. ನೀವು ಸುಮ್ಮನಿದ್ದದ್ದು ನಿಮ್ಮ ತಪ್ಪಲ್ಲ, ನಿಮಗೆ ಯಾರೂ ಹೇಳಿರಲಿಲ್ಲ.

ಈಗ ಆ ಆದೇಶದ ವಿಷಯ, ಇದನ್ನು ನಿಧಾನವಾಗಿ ಓದಿ. 2003ರ ವಿದ್ಯುತ್ ಕಾಯ್ದೆಯಲ್ಲಿ ತಂತಿ ಎಳೆಯಲು ಎರಡು ದಾರಿಗಳಿವೆ. ಒಂದು 67ನೇ ಕಲಮು ಮತ್ತು ಅದರಡಿ 2006ರಲ್ಲಿ ಬಂದ ನಿಯಮಗಳು. ಈ ದಾರಿಯಲ್ಲಿ ಜಮೀನಿನ ಒಡೆಯ ಅಥವಾ ಉಳುವವನ ಒಪ್ಪಿಗೆ ಮೊದಲೇ ಪಡೆಯಬೇಕು. ಅವನು ಒಪ್ಪದಿದ್ದರೆ ಕಂಪನಿ ಜಿಲ್ಲಾ ದಂಡಾಧಿಕಾರಿಯ, ಅಂದರೆ ಜಿಲ್ಲಾಧಿಕಾರಿಯ ಮುಂದೆ ಹೋಗಿ ಲಿಖಿತ ಅನುಮತಿ ತರಬೇಕು. ಇನ್ನೊಂದು 164ನೇ ಕಲಮು. ಸರ್ಕಾರ ಈ ಕಲಮಿನಡಿ ಆದೇಶ ಹೊರಡಿಸಿದರೆ, 1885ರ ಟೆಲಿಗ್ರಾಫ್ ಕಾಯ್ದೆ ಅಂದಿನ ಟೆಲಿಗ್ರಾಫ್ ಇಲಾಖೆಗೆ ಕೊಟ್ಟಿದ್ದ ಅಧಿಕಾರವೆಲ್ಲ ವಿದ್ಯುತ್ ಮಾರ್ಗ ಹಾಕುವವರಿಗೆ ಬರುತ್ತದೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಲೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಭಾಗವನ್ನು ಉಳಿಸಿಕೊಂಡಿದ್ದಾರೆ. ಆ ಅಧಿಕಾರ ಇದ್ದವರಿಗೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಪವರ್ ಗ್ರಿಡ್ ನಿಗಮದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿದೆ. ನೀವು ಅಡ್ಡಿಪಡಿಸಿದರೆ ಜಿಲ್ಲಾ ದಂಡಾಧಿಕಾರಿ ಅವರ ಪರ ಆದೇಶ ಕೊಡಬಹುದು. ಆದರೆ ಆ ಕಾಯ್ದೆಯೇ ಅವರ ಮೇಲೆ ಮೂರು ಕಟ್ಟು ಹಾಕಿದೆ. ಜಮೀನು ಅವರದಾಗುವುದಿಲ್ಲ, ಉತಾರಾ, ಅಂದರೆ ಜಮೀನಿನ ದಾಖಲೆ, ನಿಮ್ಮ ಹೆಸರಿನಲ್ಲೇ ಇರುತ್ತದೆ. ಹಾನಿ ಆದಷ್ಟು ಕಡಿಮೆ ಮಾಡಬೇಕು. ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು. ಪರಿಹಾರ ಸಾಲದು ಎನಿಸಿದರೆ ಅದನ್ನು ತೀರ್ಮಾನಿಸುವವರು ಜಿಲ್ಲಾ ನ್ಯಾಯಾಧೀಶರು.

ಆದ್ದರಿಂದ ಗೂಟ ನೆಟ್ಟವರಿಗೆ ಕೇಳಬೇಕಾದ ಮೊದಲ ಮಾತು "ಎಷ್ಟು ಕೊಡುತ್ತೀರಿ" ಎಂಬುದಲ್ಲ. "ಯಾವ ಕಲಮಿನಡಿ ಬಂದಿದ್ದೀರಿ? 164ರ ಆದೇಶವಿದ್ದರೆ ಪ್ರತಿ ಕೊಡಿ" ಎಂದು ಕೇಳಿ. ಆ ಆದೇಶ ಇಲ್ಲದಿದ್ದರೂ ಇದೆ ಎನ್ನುವ ಧಾಟಿಯಲ್ಲಿ ಮಾತಾಡುವ ಮಧ್ಯವರ್ತಿಗಳನ್ನು ನಾನು ಕಂಡಿದ್ದೇನೆ. ರೈತ ಪ್ರತಿ ಕೇಳಿದ ಕೂಡಲೇ ಅವರ ದನಿ ಇಳಿಯುತ್ತದೆ.

ಹಣದ ಲೆಕ್ಕಕ್ಕೆ ಬರೋಣ, ಇಲ್ಲಿ ನಮ್ಮವರು ಒಂದು ಕಡೆ ಸದಾ ಎಡವುತ್ತಾರೆ. ಎಲ್ಲರೂ ಗೋಪುರದ ಕಾಲಿನ ಜಾಗಕ್ಕೆ ಜಗಳವಾಡುತ್ತಾರೆ, ತಂತಿಯ ಕೆಳಗಿನ ಪಟ್ಟಿಯನ್ನು ಮರೆಯುತ್ತಾರೆ. ಕೇಂದ್ರ ವಿದ್ಯುತ್ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗೋಪುರದ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತ್ತು. 2024ರ ಜೂನ್‌ನಲ್ಲಿ ಅದನ್ನು ಪರಿಷ್ಕರಿಸಿ ಗೋಪುರದ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದು ಮಾಡಿದ್ದಾರೆ. ಗೋಪುರದ ಜಾಗವೆಂದರೆ ನಾಲ್ಕು ಕಾಲುಗಳ ನಡುವಿನ ನೆಲ ಮತ್ತು ಸುತ್ತ ಒಂದೊಂದು ಮೀಟರ್.

220 ಕೆ.ವಿ. ಮಾರ್ಗದ ಪಟ್ಟಿಯ ಅಗಲವನ್ನು ಸಾಮಾನ್ಯವಾಗಿ 35 ಮೀಟರ್ ಎಂದು ಹಿಡಿಯುತ್ತಾರೆ. ಅದು ನಿಮ್ಮ ಹೊಲದಲ್ಲಿ ನೂರು ಮೀಟರ್ ಉದ್ದ ಹಾದರೆ 3,500 ಚದರ ಮೀಟರ್, ಹತ್ತಿರಹತ್ತಿರ 35 ಗುಂಟೆ. ಎಕರೆಗೆ 10 ಲಕ್ಷ ರೂಪಾಯಿ ಬೆಲೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 35 ಗುಂಟೆಗೆ 8.75 ಲಕ್ಷ, ಅದರ ಶೇ. 30 ಎಂದರೆ 2.62 ಲಕ್ಷಕ್ಕೂ ಮೇಲೆ. ಅದೇ ಗೋಪುರದ ಕಾಲುಗಳ ಅಂತರ ಹತ್ತು ಮೀಟರ್ ಇದ್ದರೆ, ಸುತ್ತಲಿನದನ್ನು ಸೇರಿಸಿ 144 ಚದರ ಮೀಟರ್, ಒಂದೂವರೆ ಗುಂಟೆಯೂ ಆಗುವುದಿಲ್ಲ. ಎರಡು ಪಟ್ಟು ಬೆಲೆ ಕಟ್ಟಿದರೂ ಸುಮಾರು 71 ಸಾವಿರ. ಗೋಪುರ ಪಕ್ಕದವನ ಹೊಲದಲ್ಲಿ ನಿಂತು ನಿಮ್ಮಲ್ಲಿ ಬರೀ ತಂತಿ ಹಾದರೂ ನಿಮಗೆ ಬರಬೇಕಾದದ್ದು ಅವನಿಗಿಂತ ಹೆಚ್ಚಾಗಬಹುದು. ಬೆಳೆ ಮತ್ತು ಮರಗಳ ಹಾನಿಯ ಪರಿಹಾರ ಇದರ ಹೊರಗಿನದು.

ಇದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಮಹಾರಾಷ್ಟ್ರ ಸರ್ಕಾರದ ಸ್ವಂತ ನಿರ್ಣಯಗಳಿವೆ, ಅವನ್ನು ಜಿ.ಆರ್. ಎನ್ನುತ್ತಾರೆ. ಇಂದು ಚಾಲ್ತಿಯಲ್ಲಿರುವ ಜಿ.ಆರ್. ಯಾವುದು ಎಂದು ಪ್ರಾಂತಾಧಿಕಾರಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಕೇಳಿ ಪ್ರತಿ ತೆಗೆದುಕೊಳ್ಳಿ. ಇನ್ನೊಂದು ಎಚ್ಚರಿಕೆ: ಈ ಮಾರ್ಗಸೂಚಿ 66 ಕೆ.ವಿ. ಮತ್ತು ಅದಕ್ಕಿಂತ ದೊಡ್ಡ ಮಾರ್ಗಗಳಿಗೆ. ಗುಡ್ಡದಿಂದ ಇಳಿಯುವ 33 ಕೆ.ವಿ. ಕಂಬಗಳಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ನೀವು ಕಾಗದದ ಮೇಲೆ ಬರೆಸಿಕೊಂಡದ್ದೇ ನಿಮ್ಮ ಕಾನೂನು. ಶೇಕಡಾ ಲೆಕ್ಕವೇ ಕೊನೆಯ ಮಾತೂ ಅಲ್ಲ. 2007ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಜಮೀನು ಎಲ್ಲಿದೆ, ತಂತಿ ಅಂಚಿನಲ್ಲಿ ಹೋಗುತ್ತದೋ ನಟ್ಟನಡುವೆ ಹೋಗುತ್ತದೋ, ಹೊಲ ಎಷ್ಟು ಸಣ್ಣದು ಎಂಬುದನ್ನೆಲ್ಲ ನೋಡಿ ಪರಿಹಾರ ನಿರ್ಧರಿಸಬೇಕು ಎಂದಿದೆ. ನಾಲ್ಕು ಎಕರೆಯ ನಡುವೆ ತಂತಿ ಹಾಯುವವರಿಗೆ ಇದು ದೊಡ್ಡ ಆಸರೆ.

ತಂತಿಯ ಕೆಳಗೆ ಜೋಳ, ಸಜ್ಜೆ, ಶೇಂಗಾ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಮಾವು ತೆಂಗಿನಂಥ ಎತ್ತರದ ಮರ ಬೆಳೆಸುವಂತಿಲ್ಲ. ದ್ರಾಕ್ಷಿಯ ಚಪ್ಪರಕ್ಕೆ ಕಬ್ಬಿಣದ ಕಂಬ, ತಂತಿ ಇದ್ದರೆ ಅವಕ್ಕೆ ಸರಿಯಾಗಿ ಅರ್ಥಿಂಗ್ ಮಾಡಿಸಬೇಕು. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ವಿಷಯ ಬೋರ್‌ವೆಲ್. 220 ಕೆ.ವಿ. ತಂತಿ ಜೋತುಬಿದ್ದಲ್ಲಿ ನೆಲದಿಂದ ಏಳು ಮೀಟರ್ ಚಿಲ್ಲರೆ ಎತ್ತರದಲ್ಲಿ ಇರಬಹುದು. ಬೋರ್ ಲಾರಿಯ ಕಬ್ಬಿಣದ ಕಂಬ ಎತ್ತಿದರೆ ಸೀದಾ ಸಾವು. ಅಂದರೆ ಆ 35 ಗುಂಟೆಯಲ್ಲಿ ನೀವು ಇನ್ನೆಂದೂ ನೀರು ಹುಡುಕುವಂತಿಲ್ಲ. ಬಾವಿ, ಬೋರು, ಪೈಪ್‌ಲೈನ್, ಮರ ಎಲ್ಲೆಲ್ಲಿವೆ ಎಂದು ಪಂಚನಾಮೆಯಲ್ಲಿ ಬರೆಸದೆ ಸಹಿ ಹಾಕಬೇಡಿ.

ಬರೆಸುವ ಮಾತು ಬಂದಾಗ ನನಗೆ ನಮ್ಮ ಚಿಕ್ಕಪ್ಪನ ಹೊಲ ನೆನಪಾಗುತ್ತದೆ. ಕ್ರೇನ್ ಹೋಗಲು ಅವರ ಹೊಲದ ಒಡ್ಡನ್ನು ಎರಡು ಕಡೆ ಒಡೆದರು. ಕೆಲಸ ಮುಗಿದ ಮೇಲೆ ಮೊದಲಿನ ಹಾಗೆ ಕಟ್ಟಿಕೊಡುತ್ತೇವೆ ಎಂದು ಎಂಜಿನಿಯರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಕಾಗದವಿರಲಿಲ್ಲ. ಅವರಿಗೆ ಬೇರೆಡೆಗೆ ವರ್ಗವಾಯಿತು, ಬಂದವರಿಗೆ ಏನೂ ಗೊತ್ತಿರಲಿಲ್ಲ. ಆ ವರ್ಷ ಉತ್ತರಿ ಮಳೆ ಒಂದೇ ರಾತ್ರಿ ಸುರಿಯಿತು. ಬೆಳಿಗ್ಗೆ ನೋಡಿದರೆ ಒಡೆದ ಒಡ್ಡಿನ ಬಾಯಿಂದ ಕರಿಮಣ್ಣು ಹರಿದು ರಸ್ತೆಯ ಮೇಲೆ ಅಂಗೈ ದಪ್ಪ ಕೂತಿತ್ತು, ಹೊಲದಲ್ಲಿ ಮುರುಮು ಎದ್ದಿತ್ತು. ಚಿಕ್ಕಪ್ಪ ಬುಟ್ಟಿ ತಂದು ರಸ್ತೆಯ ಮಣ್ಣನ್ನು ಹೊಲಕ್ಕೆ ಹೊರತೊಡಗಿದರು. ಮೂರು ದಿನ ಹೊತ್ತರು.

ಈಗ ಭಾಷೆ. ನೋಟಿಸು, ಜಿ.ಆರ್., ಕರಾರು ಎಲ್ಲವೂ ಮರಾಠಿಯಲ್ಲಿ ಬರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಆಡುವ ಮರಾಠಿ ಚೆನ್ನಾಗಿಯೇ ಇರುತ್ತದೆ, ಆದರೆ ಕಾನೂನಿನ ಮರಾಠಿ ಓದಲು ಬರುವುದಿಲ್ಲ. ಮಗನೋ ಮೊಮ್ಮಗನೋ ಓದಿ ಹೇಳಿದ ನಾಲ್ಕು ಮಾತಿನ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವುದೇ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ನಿಮಗಿದೆ. ತಕರಾರು ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಜತೆಗೆ ಮರಾಠಿ ಪ್ರತಿ ಇಡಿ. ನಿಮ್ಮ ಮಾತು ನಿಮ್ಮ ನುಡಿಯಲ್ಲೇ ದಾಖಲೆಗೆ ಹೋಗಬೇಕು, ಅಧಿಕಾರಿಗೆ ನೆಪವೂ ಸಿಗಬಾರದು. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಈ ಅನುಕೂಲವಿಲ್ಲ. ಅದು ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಶುಲ್ಕ 10 ರೂಪಾಯಿ, ಮಹಾರಾಷ್ಟ್ರದಲ್ಲಿ 150 ಪದಗಳ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. ಖಾಸಗಿ ಕಂಪನಿಗೆ ಅದನ್ನು ಹಾಕಲಾಗುವುದಿಲ್ಲ, ಜಿಲ್ಲಾಧಿಕಾರಿ ಕಚೇರಿಗೂ ರಾಜ್ಯದ ವಿದ್ಯುತ್ ಪ್ರಸರಣ ಕಂಪನಿಗೂ ಹಾಕಬಹುದು.

ಗ್ರಾಮಸಭೆಯ ಠರಾವಿಗೆ ತಂತಿಯನ್ನು ನಿಲ್ಲಿಸುವ ಬಲವಿಲ್ಲ. ಆದರೂ ಮಾಡಿಸಿ. ವರ್ಷಕ್ಕೆ ನಾಲ್ಕು ಸಭೆಗಳಾದರೂ ನಡೆಯಬೇಕು, ಒಂದರಲ್ಲಿ ಕಂಪನಿಯವರನ್ನು ಕರೆದು ನಕ್ಷೆ ಹಾಸಿಸಿ, ಬೇರೆ ಯಾವ ಮಾರ್ಗಗಳನ್ನು ನೋಡಿದ್ದರು ಎಂದು ಕೇಳಿ. ಯಂತ್ರ ಯಾವ ಮನೆಯಿಂದಲೂ 500 ಮೀಟರ್ ದೂರವಿರಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳಿತ್ತು, ಅದನ್ನು ಅಲ್ಲೇ ಅಳೆಯಿಸಿ. ಕಂಪನಿ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದಿದ್ದರೆ ಊರಿನವರೊಡನೆ ಸಮಾಲೋಚನೆ, ದೂರು ಕೇಳುವ ವ್ಯವಸ್ಥೆ ಎರಡೂ ಸಾಲದ ಷರತ್ತಿನಲ್ಲೇ ಇರುತ್ತವೆ. ಸಾಲ ಯಾರದೆಂದು ಕೇಳಲು ಸಂಕೋಚ ಬೇಡ. ಆ ಸಭೆಗೆ ಕುರುಬರನ್ನು ಕರೆಯದೆ ಇರಬೇಡಿ. ನಮ್ಮ ತಾಲ್ಲೂಕಿನ ಮಾಡಗ್ಯಾಳ ತಳಿಯ ಕುರಿಗೆ ಇಷ್ಟು ಹೆಸರಿದೆ, ಕಾಯುವವನ ಹೆಸರು ಮಾತ್ರ ಗುಡ್ಡದ ಯಾವ ಉತಾರಾದಲ್ಲೂ ಇಲ್ಲ. ರಸ್ತೆಗೆ ಬೇಲಿ ಬಿದ್ದ ದಿನ ಅವನ ಹುಲ್ಲುಗಾವಲಿನ ದಾರಿ ಮುಚ್ಚುತ್ತದೆ, ಅವನಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವೂ ಇರುವುದಿಲ್ಲ.

ಕೊನೆಗೆ ನಿಮ್ಮ ಹೊಲದ ಗೂಟ. ಅದನ್ನು ಕೀಳಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು ದಿನಾಂಕ ಬರೆದಿಡಿ, ಗೂಟದ ಮೇಲೆ ಏನು ಬರೆದಿದೆ ನೋಡಿ. "ಎ.ಪಿ." ಎಂದು ಬರೆದು ಪಕ್ಕದಲ್ಲಿ ಅಂಕಿ ಇದ್ದರೆ ಅದು ಮಾರ್ಗ ತಿರುಗುವ ಮೂಲೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಂತಿ ನೆಟ್ಟಗೆ ಹೋಗುತ್ತದೆ. ಹಾಗಾಗಿ ನಿಮ್ಮೊಬ್ಬರ ಹೊಲದಲ್ಲಿ ತಂತಿಯನ್ನು ಬಗ್ಗಿಸಲು ಬರುವುದಿಲ್ಲ, ಮೂಲೆ ಸರಿಸಿದರೆ ನಡುವಿನ ಹತ್ತಾರು ಹೊಲಗಳ ಹಣೆಬರಹವೂ ಸರಿಯುತ್ತದೆ. ಹಿಂದಿನ ಮೂಲೆ ಯಾರ ಹೊಲದಲ್ಲಿದೆ, ಮುಂದಿನದು ಯಾರದರಲ್ಲಿದೆ ಎಂದು ನಡೆದು ಪತ್ತೆ ಮಾಡಿ. ನಡುವೆ ಇರುವವರೆಲ್ಲ ತಮ್ಮ ತಮ್ಮ ಉತಾರಾ ಹಿಡಿದು ಒಂದು ಸಂಜೆ ಕೂತುಕೊಳ್ಳಿ. ಗುಂಡಿ ತೋಡುವ ಮುಂಚೆ ಮೂಲೆ ಸರಿಸುವುದೆಂದರೆ ನಕ್ಷೆಯ ಗೆರೆ ತಿದ್ದಿ ಇನ್ನೊಮ್ಮೆ ಸರ್ವೆ ಮಾಡುವ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ನಿಮ್ಮ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಹಿಂಗಾರಿ ಬಿತ್ತನೆಗೆ ಎಲ್ಲರೂ ಹೊಲ ಹಿಡಿಯುವ ಮುಂಚೆಯೇ ಆ ಸಂಜೆಯನ್ನು ಗೊತ್ತುಮಾಡಿ.