ಬಟ್ಟೆ ಚಾವಣಿಯ ಹಳೆಯ ಗಾಡಿ ಮತ್ತು ಮಲೆನಾಡಿನ ಮಳೆ

ಮಡಚುವ ಬಟ್ಟೆ ಚಾವಣಿಯ ಹಳೆಯ ಕಾರಿನಲ್ಲಿ ಚಾಲಕನ ಮೊಣಕಾಲಿನ ಮೇಲೆ ಮಳೆನೀರು ತೊಟ್ಟಿಕ್ಕಿತೆಂದರೆ, ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ನೇರ ಮೇಲಿರುವ ಹೊಲಿಗೆಯ ಕಡೆಗೆ. ಅಲ್ಲಿಗೆ ಒಂದಿಷ್ಟು ಸಿಲಿಕೋನ್ ಮೆತ್ತಿದರೆ ಮುಂದಿನ ಮಳೆಗೆ ಹನಿ ಇನ್ನೊಂದು ಕಡೆ ಬೀಳುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟಗಳಲ್ಲಿ ಹುಡ್ ಹಾಕಿದ ಜೀಪುಗಳನ್ನೂ 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಗಳನ್ನೂ ಇಂದಿಗೂ ಓಡಿಸುತ್ತಿರುವವರಿಗೆ, ಅಕ್ಕರೆಯಿಂದ ಹಳೆಯ ಕನ್ವರ್ಟಿಬಲ್ ಕಾರುಗಳನ್ನು ಉಳಿಸಿಕೊಂಡವರಿಗೆ, ಇದು ಪ್ರತಿ ಮಳೆಗಾಲದ ಪಾಡು. ನೀರು ಒಳಗೆ ನುಗ್ಗುವ ಜಾಗವೂ ಅದು ಹನಿಯಾಗಿ ಬೀಳುವ ಜಾಗವೂ ಒಂದೇ ಆಗಿರುವುದು ಅಪರೂಪ. ಚಾವಣಿಯನ್ನು ಹೊತ್ತಿರುವ ಉಕ್ಕಿನ ಬಿಲ್ಲುಗಳ ಕೆಳಮೈಗೆ ಅಂಟಿಕೊಂಡು, ಗುರುತ್ವವು ಕೆಳಗೆಳೆಯುತ್ತಿದ್ದರೂ ಬೀಳದೆ ಜಾರುತ್ತಾ ಸಾಗಿದ ನೀರು, ಎಲ್ಲಿ ಬಿಲ್ಲಿಗೆ ಒಂದು ತಿರುವೋ ಸ್ಕ್ರೂವಿನ ತಲೆಯೋ ಅಡ್ಡ ಬರುತ್ತದೆಯೋ ಅಲ್ಲಿ ಹನಿಯಾಗುತ್ತದೆ. ನೀರನ್ನು ಹೀಗೆ ಮೇಲ್ಮೈಗೆ ಅಂಟಿಸಿಟ್ಟಿರುವುದು ಅಣುಗಳ ನಡುವಿನ ಸೆಳೆತ. ಆದ್ದರಿಂದ ಸೋರಿಕೆಯ ದುರಸ್ತಿ ಅಂಟಿನ ಡಬ್ಬಿಯಿಂದ ಆರಂಭವಾಗಬಾರದು. ನೀರಿನ ನಡವಳಿಕೆಯನ್ನು ಅರಿಯುವುದರಿಂದ ಆರಂಭವಾಗಬೇಕು.

ಮೊದಲು ಒಪ್ಪಿಕೊಳ್ಳಬೇಕಾದ ವಿಷಯವೆಂದರೆ, ಇಂತಹ ಗಾಡಿಯನ್ನು ರೂಪಿಸಿದವರು ನೀರು ಎಲ್ಲಿಯೂ ಒಳಬರಬಾರದೆಂದು ಹಟ ಹಿಡಿದವರಲ್ಲ. ನಮ್ಮ ಮಲೆನಾಡಿನ ಹೆಂಚಿನ ಮಾಡಿನಲ್ಲಿ ಹೆಂಚು ಹೆಂಚಿನ ನಡುವಿನ ಸಂದನ್ನು ಯಾರೂ ಮುಚ್ಚುವುದಿಲ್ಲ. ಇಳಿಜಾರು, ಒಂದರ ಮೇಲೊಂದು ಹೊದೆಯುವ ಅಂಚು ಮತ್ತು ಹೆಂಚಿನ ಕಾಲುವೆ ಇವೇ ನೀರನ್ನು ಸಾಗಹಾಕುತ್ತವೆ. ಕನ್ವರ್ಟಿಬಲ್ ಕಾರಿನ ಬಟ್ಟೆ ಚಾವಣಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಚಾವಣಿಯ ಹಿಂಭಾಗ ಕಾರಿನ ಮೈಯನ್ನು ಸೇರುವಲ್ಲಿ, ಸೀಟುಗಳ ಹಿಂದೆ, ಒಂದು ದೋಣಿಯಂತಹ ಪಟ್ಟಿ ಇರುತ್ತದೆ; ಅದರಲ್ಲಿ ಸಂಗ್ರಹವಾದ ನೀರು ಎರಡೂ ಬದಿಯ ಕೊಳವೆಗಳ ಮೂಲಕ ಹಿಂಚಕ್ರಗಳ ಮುಂದೆ ನೆಲಕ್ಕೆ ಇಳಿಯುತ್ತದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಈ ವ್ಯವಸ್ಥೆಗೆ ಪ್ರಸಿದ್ಧ ಉದಾಹರಣೆ. ಬಾಗಿಲಿನ ಒಳಗಂತೂ ಪ್ರತಿ ಮಳೆಯಲ್ಲಿ ನೀರು ಹೋಗಿಯೇ ಹೋಗುತ್ತದೆ. ಹೋದದ್ದು ಹೊರಗೆ ಬರುವ ದಾರಿ ಕಟ್ಟಿಕೊಂಡಾಗ ಮಾತ್ರ ಅದು ಸೋರಿಕೆ ಎನಿಸಿಕೊಳ್ಳುತ್ತದೆ.

ಈ ದಾರಿಯ ಮಹತ್ವವನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಚಾವಣಿಯ ಎರಡು ಚದರ ಮೀಟರ್ ಭಾಗದ ನೀರು ಹಿಂದಿನ ಪಟ್ಟಿಗೆ ಹರಿಯುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 50 ಮಿಲಿಮೀಟರ್ ಸುರಿಯುವ ಜಡಿಮಳೆಯಲ್ಲಿ ಗಂಟೆಗೆ 100 ಲೀಟರ್, ಅಂದರೆ ಪ್ರತಿ ಕೊಳವೆಯ ಪಾಲಿಗೆ 50 ಲೀಟರ್ ಬರುತ್ತದೆ. ಒಳವ್ಯಾಸ 10 ಮಿಲಿಮೀಟರ್ ಇರುವ ಕೊಳವೆಯ ಬಾಯಿಯ ಮೇಲೆ ಐದು ಸೆಂಟಿಮೀಟರ್ ನೀರು ನಿಂತಾಗ ಅದು ಗಂಟೆಗೆ ಸುಮಾರು 160 ಲೀಟರ್ ನೀರನ್ನು ಇಳಿಸಬಲ್ಲದು. ಆತಂಕಕ್ಕೆ ಕಾರಣವೇ ಇಲ್ಲ. ಆದರೆ ಸಿಲ್ವರ್ ಓಕ್ ಎಲೆಯ ಚೂರುಗಳೂ ಕೆಮ್ಮಣ್ಣಿನ ಧೂಳೂ ಸೇರಿ ಕೊಳವೆಯ ವ್ಯಾಸ ಅರ್ಧಕ್ಕೆ ಇಳಿದರೆ ಅದರ ಸಾಮರ್ಥ್ಯ ಅರ್ಧವಲ್ಲ, ಕಾಲು ಭಾಗಕ್ಕೆ ಕುಸಿಯುತ್ತದೆ: ಗಂಟೆಗೆ 40 ಲೀಟರ್. ಬರುವುದು 50, ಹೋಗುವುದು 40. ಉಳಿದ ಹತ್ತು ಲೀಟರ್ ಪಟ್ಟಿಯ ಅಂಚು ದಾಟಿ ಸೀಟಿನ ಹಿಂದಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಸಣ್ಣ ಮಳೆಗೆ ಒಂದು ಹನಿಯೂ ಬಾರದ ಕಾರಿನಲ್ಲಿ ಆರಿದ್ರಾ ಮಳೆಗೆ ಇದ್ದಕ್ಕಿದ್ದಂತೆ ಕೊಳವಾಗುವುದು ಈ ಕಾರಣದಿಂದ. ನೆರಳಿನ ಮರಗಳ ಕೆಳಗೆ ಗಾಡಿ ನಿಲ್ಲಿಸುವ ನಮ್ಮ ಕಡೆಯಲ್ಲಿ ಚಾವಣಿ ಹರಿದು ಸೋರುವ ಗಾಡಿಗಳಿಗಿಂತ ಕೊಳವೆ ಕಟ್ಟಿಕೊಂಡು ಸೋರುವ ಗಾಡಿಗಳೇ ಹೆಚ್ಚೆಂಬುದು ನನ್ನ ದೃಢ ಅಭಿಪ್ರಾಯ.

ಕೊಳವೆಯನ್ನು ಬಿಡಿಸುವಾಗ ಗಟ್ಟಿ ತಂತಿಯನ್ನು ತುರುಕಬಾರದು. ಹಳೆಯ ರಬ್ಬರ್ ಕೊಳವೆ ಒಳಗೆಲ್ಲೋ ತೂತಾದರೆ ನೀರು ಕಾರಿನ ಪೆಟ್ಟಿಗೆಯಂತಹ ಬದಿತೊಲೆಯೊಳಗೆ ಸೇರಿ, ಕಣ್ಣಿಗೆ ಕಾಣದಂತೆ ಅದನ್ನು ತುಕ್ಕು ಹಿಡಿಸುತ್ತದೆ. ಕಳೆ ಹೊಡೆಯುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಅದು ಬಾಗುತ್ತದೆ, ಚುಚ್ಚುವುದಿಲ್ಲ, ತೋಟದ ಮನೆಯಲ್ಲಿ ಹೇಗೂ ಇರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಮೇಲಿನಿಂದ ಜೋರಾಗಿ ಬಿಟ್ಟರೆ ಕೊಳವೆ ತನ್ನ ಜೋಡಣೆಯಿಂದ ಕಳಚಬಹುದಾದ್ದರಿಂದ, ಗಾಳಿ ಬಿಡಲೇಬೇಕಿದ್ದರೆ ಕೆಳತುದಿಯಿಂದ ಮೆಲ್ಲಗೆ ಬಿಡುವುದು ಕ್ಷೇಮ.

ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಹುಡ್ಡಿನ ಮುಂಪಟ್ಟಿ ಕೂರುವ ಜಾಗದ ಕಥೆ ಬೇರೆ. ಇಲ್ಲಿ ಕೆಲಸ ಮಾಡುವುದು ಲೋಮನಾಳ ಕ್ರಿಯೆ. ಎರಡು ಸಮತಲಗಳ ನಡುವಿನ ಸಂದು ಕಿರಿದಾದಷ್ಟೂ ನೀರು ಅದರೊಳಗೆ ಮೇಲಕ್ಕೆ ಏರುತ್ತದೆ. ಸಂದು ಒಂದು ಮಿಲಿಮೀಟರ್ ಇದ್ದರೆ ಸುಮಾರು ಒಂದೂವರೆ ಸೆಂಟಿಮೀಟರ್, ಮಿಲಿಮೀಟರಿನ ಹತ್ತನೇ ಒಂದು ಭಾಗವಿದ್ದರೆ ಸುಮಾರು ಹದಿನೈದು ಸೆಂಟಿಮೀಟರ್. ಅಂದರೆ ಕಣ್ಣಿಗೆ ಕಾಣುವ ಸಂದಿಗಿಂತ ಕಾಣದ ಸಂದು ಹೆಚ್ಚು ಅಪಾಯಕಾರಿ. ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹಳೆಯದಾಗಿ ಗಟ್ಟಿಯಾದಾಗ ಅದನ್ನು ಇನ್ನಷ್ಟು ಬಿಗಿದು ಸಂದನ್ನು ಕಿರಿದು ಮಾಡಿದಾಗ ಸೋರಿಕೆ ನಿಲ್ಲುವ ಬದಲು ಹೆಚ್ಚುವುದುಂಟು. ಕಾರು ರೂಪಿಸಿದವರು ಇದಕ್ಕಾಗಿಯೇ ಅಂಚುಗಳಲ್ಲಿ ಅಗಲವಾದ ತೋಡೊಂದನ್ನು ಕೊರೆದಿರುತ್ತಾರೆ. ಸಂದು ಥಟ್ಟನೆ ಅಗಲವಾದಲ್ಲಿ ನೀರಿನ ಏರಿಕೆ ನಿಂತು, ಅದು ಪಕ್ಕಕ್ಕೆ ಹರಿದುಹೋಗುತ್ತದೆ. ಆ ತೋಡನ್ನು ಅಂಟಿನಿಂದ ತುಂಬಿಸಿದರೆ ಅವರ ಜಾಣ್ಮೆಯನ್ನು ನಾವೇ ಹೂತುಹಾಕಿದಂತೆ.

ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವ ಗಾಡಿಯಲ್ಲಿ ಗಾಳಿಯ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 15 ಮಿಲಿಮೀಟರ್ ಎತ್ತರದ ನೀರನ್ನು ಎತ್ತಬಲ್ಲಷ್ಟಿರುತ್ತದೆ, ಮತ್ತು ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒತ್ತುತ್ತದೆ, ಚಾವಣಿಯ ಮೇಲೆ ಹೀರುತ್ತದೆ. ಹಾಸನದ ಹೆದ್ದಾರಿಯಲ್ಲಿ ವೇಗ ಹಿಡಿದ ಜೀಪಿನ ಹುಡ್ ಉಬ್ಬಿ ನಿಲ್ಲುವುದು ಈ ಹೀರುವಿಕೆಯಿಂದ. ಹಾಗೆ ಉಬ್ಬಿದಾಗ ಮುಂಪಟ್ಟಿ ತುಸು ಮೇಲೆದ್ದು ಬೀಡಿಂಗಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಅನೇಕ ಕಾರುಗಳಲ್ಲಿ ಮುಂಪಟ್ಟಿಯ ಕೊಕ್ಕೆಗೆ ತಿರುಪು ಇರುವುದರಿಂದ ಅದನ್ನು ತಿರುಗಿಸಿ ಬಿಗಿತವನ್ನು ಹೊಂದಿಸಬಹುದು. ಒಮ್ಮೆಗೆ ಅರ್ಧ ಸುತ್ತು ಸಾಕು.

ಬೀಡಿಂಗಿನ ವಯಸ್ಸಿಗೆ ಎರಡು ಮುಖಗಳಿವೆ. ವರ್ಷಾನುಗಟ್ಟಲೆ ಒತ್ತಡದಲ್ಲಿದ್ದ ರಬ್ಬರ್ ಮತ್ತೆ ಪೂರ್ತಿ ಉಬ್ಬಿಕೊಳ್ಳುವ ಗುಣವನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಇನ್ನೊಂದು ಕಡೆ, ಗಾಳಿಯಲ್ಲಿರುವ ಅಲ್ಪ ಪ್ರಮಾಣದ ಓಜೋನ್ ಸ್ವಾಭಾವಿಕ ರಬ್ಬರಿನ ಅಣುಸರಪಳಿಯ ದ್ವಿಬಂಧಗಳನ್ನು ಕತ್ತರಿಸುವುದರಿಂದ, ಎಳೆತದಲ್ಲಿರುವ ಮೂಲೆಗಳಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಈಚಿನ ಬೀಡಿಂಗುಗಳಲ್ಲಿ ಬಳಸುವ ಇಪಿಡಿಎಂ ರಬ್ಬರಿನ ಮುಖ್ಯ ಸರಪಳಿಯಲ್ಲಿ ಇಂತಹ ಬಂಧಗಳಿಲ್ಲವಾದ್ದರಿಂದ ಅದು ಬಹುಕಾಲ ಬಾಳುತ್ತದೆ. ಆದರೆ ಅದನ್ನು ಸೀಮೆಎಣ್ಣೆ, ಡೀಸೆಲ್ ಅಥವಾ ಸಾಮಾನ್ಯ ಗ್ರೀಸಿನಿಂದ ಒರೆಸುವ ಅಭ್ಯಾಸ ಕೂಡದು, ಏಕೆಂದರೆ ಪೆಟ್ರೋಲಿಯಂ ಎಣ್ಣೆಗಳನ್ನು ಹೀರಿಕೊಂಡು ಅದು ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ ಸೂಕ್ತ.

ಇನ್ನು ಬಟ್ಟೆಯ ವಿಚಾರ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಬಳಿದು ನೀರು ನುಗ್ಗದ ವಸ್ತ್ರಕ್ಕೆ ಪೇಟೆಂಟ್ ಪಡೆದರು. ಉತ್ತಮ ಗುಣಮಟ್ಟದ ಕನ್ವರ್ಟಿಬಲ್ ಚಾವಣಿಯ ರಚನೆ ಇಂದಿಗೂ ಹಾಗೆಯೇ ಇದೆ: ಹೊರಗೆ ಅಕ್ರಿಲಿಕ್ ನೇಯ್ಗೆ, ನಡುವೆ ಬ್ಯುಟೈಲ್ ರಬ್ಬರ್, ಒಳಗೆ ಹತ್ತಿ. ಜೀಪಿನ ಹುಡ್ಡಿಗೆ ಬಳಸುವ ಕ್ಯಾನ್ವಾಸಿನಲ್ಲಿ ರಬ್ಬರ್ ಪದರವಿರುವುದಿಲ್ಲ. ನೆನೆದ ಹತ್ತಿಯ ನೂಲು ಉಬ್ಬಿ ನೇಯ್ಗೆಯ ಕಂಡಿಗಳನ್ನು ತಾನೇ ಮುಚ್ಚುತ್ತದೆ, ಮೇಣದ ಲೇಪ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೇಣ ಹತ್ತಿದ ನೂಲಿನ ಮೇಲೆ ನೀರು ಹರಡದೆ ಗುಂಡಾಗಿ ನಿಲ್ಲುವುದರಿಂದ ಸಣ್ಣ ಕಂಡಿಯೊಳಗೆ ಅದು ಇಳಿಯಲಾರದು. ಇಂತಹ ಹುಡ್ಡನ್ನು ಬಟ್ಟೆ ಒಗೆಯುವ ಪುಡಿ ಹಾಕಿ ಉಜ್ಜುವುದು ಅದಕ್ಕೆ ಮಾಡುವ ದೊಡ್ಡ ಹಾನಿ. ಸೋಪಿನ ಅಂಶ ನೂಲಿನಲ್ಲಿ ಉಳಿದರೆ ಗುಂಡಾಗಿ ನಿಲ್ಲುತ್ತಿದ್ದ ನೀರು ಹರಡಿಕೊಂಡು, ಕಂಡಿಯೊಳಗೆ ತಾನಾಗಿ ಎಳೆಯಲ್ಪಡುತ್ತದೆ. ಬರಿಯ ನೀರು ಮತ್ತು ಮೃದುವಾದ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಸ ಲೇಪ ಕೊಡಬೇಕು. ಹೊಲಿಗೆಯಲ್ಲಿ ಸೂಜಿ ಮಾಡಿದ ಪ್ರತಿ ತೂತೂ ಒಂದು ಬಾಗಿಲೇ ಆದ್ದರಿಂದ, ಕುಶನ್ ಕೆಲಸದವರ ಬಳಿ ಹುಡ್ ಹೊಲಿಸುವಾಗ ನೂಲಿನ ಬಗ್ಗೆ ಕೇಳುವುದು ಒಳ್ಳೆಯದು. ಹತ್ತಿಯ ನೂಲು ಉಬ್ಬಿ ತೂತನ್ನು ತುಂಬುತ್ತದೆ, ಆದರೆ ಬೇಗ ಕೊಳೆಯುತ್ತದೆ. ಪಾಲಿಯೆಸ್ಟರ್ ಕೊಳೆಯದು, ಆದರೆ ಉಬ್ಬದು. ಡೇರೆಗಳಿಗೆ ಬಳಸುವ, ಪಾಲಿಯೆಸ್ಟರ್ ತಿರುಳಿಗೆ ಹತ್ತಿ ಸುತ್ತಿದ ನೂಲು ಸಿಕ್ಕರೆ ಎರಡೂ ಗುಣಗಳು ಕೂಡಿ ಬರುತ್ತವೆ.

ಬಾಗಿಲುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಜಿನ ಪಕ್ಕದಿಂದ ಬಾಗಿಲಿನ ಒಳಗಿಳಿದ ನೀರು ಕೆಳಗಿನ ತೂತುಗಳಿಂದ ಹೊರಹೋಗುತ್ತದೆ. ಅದು ಗಾಡಿಯ ಒಳಕ್ಕೆ ತಿರುಗದಂತೆ ಒಳಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಗಾಜು ಏರಿಸುವ ಯಂತ್ರ ಕೆಟ್ಟಾಗ ಆ ಹಾಳೆಯನ್ನು ಕಿತ್ತು, ದುರಸ್ತಿಯ ನಂತರ ಮರಳಿ ಹಾಕದೆ ಬಿಟ್ಟ ಗಾಡಿಗಳು ಹಲವು. ಚಾವಣಿಯ ಮೇಲೆ ಹೊರಿಸಿದ ಆರೋಪ ಎಷ್ಟೋ ಸಲ ಈ ಹತ್ತು ರೂಪಾಯಿಯ ಹಾಳೆಗೆ ಸೇರಬೇಕಾದದ್ದು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಸುತ್ತಲೂ ಬ್ಯುಟೈಲ್ ಪಟ್ಟಿಯಿಂದ ಅಂಟಿಸಿ, ಅದರ ಕೆಳತುದಿಯನ್ನು ಬಾಗಿಲಿನ ಒಳಗೆ ಸೇರಿಸಿದರೆ ಕೆಲಸ ಮುಗಿಯಿತು. ಏಸಿ ಇರುವ ಕಾರಿನಲ್ಲಿ ಮಳೆಯಿಲ್ಲದ ದಿನವೂ ಕಾಲಡಿ ತೇವವಿದ್ದರೆ ಅದು ಏಸಿಯ ನೀರಿನ ಕೊಳವೆ ಕಟ್ಟಿಕೊಂಡದ್ದರ ಗುರುತು.

ಸೋರುವ ಜಾಗವನ್ನು ಹುಡುಕುವ ಕೆಲಸಕ್ಕೆ ಇಬ್ಬರು ಬೇಕು, ತಾಳ್ಮೆಯೂ ಬೇಕು. ಒಳಗೆಲ್ಲ ಒಣಗಿಸಿ, ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡುತ್ತಾ ಬಾಗಿಲಿನ ಬುಡದಿಂದ ಆರಂಭಿಸಿ, ಪ್ರತಿ ಜಾಗದಲ್ಲಿ ಕೆಲವು ನಿಮಿಷ ನಿಂತು, ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ಹರಿದಿಳಿಯುವ ನೀರು ಎಲ್ಲ ಸಂದುಗಳನ್ನೂ ಒಮ್ಮೆಗೇ ನೆನೆಸುವುದರಿಂದ ಏನೂ ತಿಳಿಯುವುದಿಲ್ಲ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ನೀರು ಮಳೆಯಲ್ಲಿ ಎಂದೂ ಸೋರದ ಜಾಗದಲ್ಲೂ ಸೋರಿಸಿ ದಾರಿ ತಪ್ಪಿಸುತ್ತದೆ. ಬೀಡಿಂಗಿನ ಮೇಲೆ ಸೀಮೆಸುಣ್ಣದ ಪುಡಿ ಸವರಿ ಬಾಗಿಲು ಹಾಕಿ ತೆಗೆದಾಗ ಎದುರಿನ ಲೋಹದ ಮೇಲೆ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ರಬ್ಬರ್ ತಾಗುತ್ತಿಲ್ಲವೆಂದು ಅರ್ಥ. ಇಳಿಜಾರಿನ ಅಂಗಳದಲ್ಲಿ ಗಾಡಿಯನ್ನು ಒಮ್ಮೆ ಮೂತಿ ಮೇಲಾಗಿ, ಒಮ್ಮೆ ಕೆಳಗಾಗಿ ನಿಲ್ಲಿಸಿ ಇದೇ ಪರೀಕ್ಷೆ ಮಾಡಿದರೆ, ಸಮತಟ್ಟಾದ ಗ್ಯಾರೇಜಿನಲ್ಲಿ ಕಾಣದ ಸೋರಿಕೆಯೂ ಕಾಣುತ್ತದೆ. ಕಾಫಿ ಕೊಯ್ಲು ಮುಗಿದು ಹೂಮಳೆ ಬರುವ ಮೊದಲಿನ ಒಣದಿನಗಳು ಇದಕ್ಕೆ ಪ್ರಶಸ್ತ.

ಜಾಗ ಖಚಿತವಾದ ಮೇಲೂ ಅಂಟಿನ ಆಯ್ಕೆಯಲ್ಲಿ ಎಚ್ಚರ ಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅದು ಉಕ್ಕಿಗೆ ತುಕ್ಕು ತರುತ್ತದೆ, ಮತ್ತು ಅದು ತಾಗಿದ ಜಾಗಕ್ಕೆ ಮುಂದೆ ಬಣ್ಣ ಹಿಡಿಯದು.

ನೆನೆದ ಕಾರ್ಪೆಟ್ಟನ್ನು ಒಣಗಿಸುವುದು ಜನ ಊಹಿಸುವುದಕ್ಕಿಂತ ಕಠಿಣ. ಅದರ ಕೆಳಗಿನ ಫೋಮಿನಲ್ಲಿ ಐದು ಲೀಟರ್ ನೀರಿದ್ದರೆ ಅದನ್ನು ಆವಿಯಾಗಿಸಲು ಸುಮಾರು 3.4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. 100 ವ್ಯಾಟಿನ ಬಲ್ಬನ್ನು ಒಳಗಿಟ್ಟು, ಅದರ ಶಾಖವೆಲ್ಲ ನೀರಿಗೇ ಹೋಯಿತೆಂದುಕೊಂಡರೂ ಮೂವತ್ತು ಗಂಟೆ ಮೀರುತ್ತದೆ. ಅದಲ್ಲದೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ಆವಿ ಸುಮಾರು 17 ಗ್ರಾಂ ಮಾತ್ರ. ಜುಲೈ ತಿಂಗಳ ಮಂಜಿನಲ್ಲಿ ಹೊರಗಿನ ಗಾಳಿಯೇ ಆ ಮಿತಿಯ ಹತ್ತಿರವಿರುವಾಗ ಕಿಟಕಿ ಇಳಿಸಿಟ್ಟರೂ ಪ್ರಯೋಜನವಿಲ್ಲ, ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿಟ್ಟರೆ ಬೂಸಲು ಖಚಿತ. ಕಾರ್ಪೆಟ್ ಮತ್ತು ಫೋಮನ್ನು ಹೊರತೆಗೆದು, ಹಿಂಡಿ, ಮನೆಯೊಳಗೆ ಒಲೆಯ ಕಾವಿರುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರವುವುದೊಂದೇ ಮಾರ್ಗ. ಗಾಡಿಗೆ ಬದಿಗಳು ತೆರೆದಿರುವ ತಗಡಿನ ಶೆಡ್ ಸಾಕು. ಕಾರ್ಪೆಟ್ ಎತ್ತಿದಾಗ ಕಾಣುವ ನೆಲದ ತಗಡನ್ನು ಅದೇ ಹೊತ್ತಿನಲ್ಲಿ ಪರೀಕ್ಷಿಸಿ, ತುಕ್ಕು ಕೆರೆದು ಪ್ರೈಮರ್ ಹೊಡೆಯಬೇಕು. ನೆಲದಲ್ಲಿರುವ ರಬ್ಬರ್ ಬಿರಡೆಗಳನ್ನು ನೀರು ಹೋಗಲೆಂದು ತೆಗೆದು ಹಾಗೆಯೇ ಬಿಡುವವರಿದ್ದಾರೆ. ಒಣಗಿದ ಕೂಡಲೇ ಅವುಗಳನ್ನು ಮರಳಿ ಒತ್ತದಿದ್ದರೆ ಚಾರ್ಮಾಡಿಯ ರಸ್ತೆಯಲ್ಲಿ ಚಕ್ರ ಚಿಮ್ಮಿಸುವ ಕೆಸರುನೀರು ಅದೇ ತೂತಿನಿಂದ ಮೇಲೆ ಬರುತ್ತದೆ.