‘ಬ್ರೀಫ್ ಎನ್‌ಕೌಂಟರ್’ ನಿಜಕ್ಕೂ ಯಾರ ಸಿನಿಮಾ?

ಓದುಗರ ಪ್ರಶ್ನೆ: 1945ರ ಬ್ರಿಟಿಷ್ ಪ್ರೇಮಕಥೆ ‘ಬ್ರೀಫ್ ಎನ್‌ಕೌಂಟರ್’ ಬಗ್ಗೆ ಓದುವಾಗ ಒಂದು ಕಡೆ ಅದು ನೋಯೆಲ್ ಕವರ್ಡ್ ಸಿನಿಮಾ ಅಂತ ಇರುತ್ತದೆ, ಇನ್ನೊಂದು ಕಡೆ ಡೇವಿಡ್ ಲೀನ್ ಸಿನಿಮಾ ಅಂತ. ಹಾಗಾದರೆ ಅದನ್ನು ಮಾಡಿದವರು ಯಾರು?

ಕಥೆ ಮತ್ತು ನಿರ್ಮಾಪಕನ ಹೆಸರು ಕವರ್ಡ್ ಅವರದು. ನಿರ್ದೇಶನ ಲೀನ್ ಅವರದು. ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ಈ ಸಿನಿಮಾ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಇವರಿಬ್ಬರಿಗಿಂತ ಜಾಸ್ತಿ ನಾಯಕಿ ಲಾರಾ ಆಗಿ ನಟಿಸಿದ ಸೀಲಿಯಾ ಜಾನ್ಸನ್ ಅವರ ಮುಖ. ನನ್ನ ಪಾಲಿಗೆ ಇದು ಮೊದಲು ಅವರ ಸಿನಿಮಾ, ಆಮೇಲೆ ಉಳಿದವರದ್ದು. ಯಾಕೆ ಅಂತ ಹೇಳುತ್ತೇನೆ.

ಕವರ್ಡ್ ಬರೆದದ್ದು ‘ಸ್ಟಿಲ್ ಲೈಫ್’ ಎಂಬ ಸಣ್ಣ ನಾಟಕ. 1936ರಲ್ಲಿ ಅದು ಲಂಡನ್ನಿನಲ್ಲಿ ರಂಗಕ್ಕೆ ಬಂದಾಗ ಡಾಕ್ಟರ್ ಅಲೆಕ್ ಪಾತ್ರವನ್ನು ಕವರ್ಡ್ ಅವರೇ ಮಾಡಿದ್ದರು. ಅವನನ್ನು ಪ್ರೀತಿಸುವ ಲಾರಾಳ ಪಾತ್ರ ಗರ್ಟ್ರೂಡ್ ಲಾರೆನ್ಸ್ ಅವರದು. ಕಥೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಮದುವೆ ಆಗಿದೆ. ಇಡೀ ನಾಟಕ ನಡೆಯುವುದು ಮಿಲ್ಫರ್ಡ್ ಜಂಕ್ಷನ್ ಎಂಬ ಕಾಲ್ಪನಿಕ ರೈಲು ನಿಲ್ದಾಣದ ಟೀ ಕೋಣೆಯಲ್ಲಿ. ಆಚೆಗೆ ಒಂದು ಹೆಜ್ಜೆಯೂ ಇಡುವುದಿಲ್ಲ.

ಅದನ್ನು ಸಿನಿಮಾಕ್ಕೆ ಒಗ್ಗಿಸಿದ್ದು ಲೀನ್, ಆಂಟನಿ ಹ್ಯಾವ್‌ಲಾಕ್-ಆಲನ್ ಮತ್ತು ರೊನಾಲ್ಡ್ ನೀಮ್. ಈ ಮೂವರ ಕಂಪನಿಯ ಹೆಸರು ಸಿನೆಗಿಲ್ಡ್. ಕವರ್ಡ್ ಜೊತೆ ಲೀನ್‌ಗೆ ಇದು ನಾಲ್ಕನೇ ಸಿನಿಮಾ. ಅದಕ್ಕೂ ಮೊದಲು ಲೀನ್ ಹೆಸರುವಾಸಿ ಎಡಿಟರ್ ಆಗಿದ್ದರು. ಆ ಎಡಿಟರ್ ಬುದ್ಧಿ ಇಲ್ಲಿ ಎದ್ದು ಕಾಣುತ್ತದೆ.

ನಾಟಕದಲ್ಲಿ ಕಥೆ ಮೊದಲಿಂದ ಕೊನೆಗೆ ನೇರವಾಗಿ ಹೋಗುತ್ತದೆ. ಸಿನಿಮಾ ಶುರುವಾಗುವುದೇ ಕೊನೆಯ ಭೇಟಿಯಿಂದ. ಟೀ ಕೋಣೆಯ ಮೂಲೆಯ ಮೇಜಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರು ಯಾರು ಅಂತ ನಮಗಿನ್ನೂ ಗೊತ್ತಿಲ್ಲ. ಡಾಲಿ ಎಂಬ ಪರಿಚಯದಾಕೆ ಬಂದು ಕೂತು ಹರಟೆ ಶುರುಮಾಡುತ್ತಾಳೆ. ರೈಲಿನ ಗಂಟೆ ಆಗುತ್ತದೆ. ಅವನು ಏಳುತ್ತಾನೆ, ಅವಳ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ಹೊರಟುಹೋಗುತ್ತಾನೆ. ಅಷ್ಟೇ. ಸಿನಿಮಾದ ಕೊನೆಗೆ ಇದೇ ದೃಶ್ಯ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ನಮಗೆ ಎಲ್ಲಾ ಗೊತ್ತು: ಅಲೆಕ್ ಆಫ್ರಿಕಾಕ್ಕೆ ಹೋಗುತ್ತಿದ್ದಾನೆ, ಇವರಿಬ್ಬರೂ ಇನ್ನೆಂದೂ ಸಿಗುವುದಿಲ್ಲ. ಮೊದಲ ಸಲ ಗಮನಿಸದೇ ಬಿಟ್ಟ ಆ ಕೈ ಈಗ ಎದೆ ಹಿಂಡುತ್ತದೆ. ವಿದಾಯ ಹೇಳುವುದಕ್ಕೂ ಆ ಡಾಲಿ ಬಿಡಲಿಲ್ಲವಲ್ಲ ಅಂತ ಕೋಪ ಬರುತ್ತದೆ.

ಈ ಎರಡರ ನಡುವೆ ಲಾರಾ ಮನೆಯಲ್ಲಿ ಗಂಡನ ಎದುರು ಕೂತು, ಮನಸ್ಸಿನೊಳಗೇ ಅವನಿಗೆ ಎಲ್ಲವನ್ನೂ ಒಪ್ಪಿಸುತ್ತಾಳೆ. ಗಂಡ ಫ್ರೆಡ್ ತನ್ನ ಪಾಡಿಗೆ ಪದಬಂಧ ಬಿಡಿಸುತ್ತಿರುತ್ತಾನೆ. ಅವಳ ಬಾಯಿ ಮುಚ್ಚಿದೆ, ದನಿ ಮಾತ್ರ ನಮಗೆ ಕೇಳುತ್ತದೆ. ಇಲ್ಲೇ ಸೀಲಿಯಾ ಜಾನ್ಸನ್ ಅವರ ಕೆಲಸ ಶುರು. ಹೇಳುವ ಮಾತು ಹಿನ್ನೆಲೆಯಲ್ಲಿ ಹೋಗುತ್ತಿರುವಾಗ ಮುಖ ಅದನ್ನೇ ಮತ್ತೆ ಹೇಳಿದರೆ ಸಪ್ಪೆ ಆಗುತ್ತಿತ್ತು, ಅಲ್ವಾ? ಅವರು ಹಾಗೆ ಮಾಡುವುದಿಲ್ಲ. ದೊಡ್ಡ ಕಣ್ಣುಗಳು ಎಲ್ಲೋ ದೂರ ನೋಡುತ್ತವೆ, ಗಂಡ ಏನೋ ಕೇಳಿದಾಗ ಥಟ್ಟನೆ ವಾಪಸ್ ಬರುತ್ತವೆ, ಒಂದು ಚಿಕ್ಕ ನಗು ಬರುತ್ತದೆ. ತುಂಬಿದ ಸಂಸಾರದಲ್ಲಿ ಒಂಟಿಯಾಗುವುದು ಅಂದರೆ ಏನು ಅಂತ ಆ ನಗುವಿನಲ್ಲಿ ತಿಳಿಯುತ್ತದೆ. ಈ ಪಾತ್ರಕ್ಕೆ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಪ್ರಶಸ್ತಿ ಸಿಗಲಿಲ್ಲ. ಸಿಗಬೇಕಿತ್ತು.

ಅಲೆಕ್ ಆಗಿ ನಟಿಸಿದ ಟ್ರೆವರ್ ಹೋವರ್ಡ್ ಆಗ ಸಿನಿಮಾಕ್ಕೆ ಹೆಚ್ಚುಕಡಿಮೆ ಹೊಸಬರು. ಅದು ಒಳ್ಳೆಯದೇ ಆಯಿತು. ಹೆಸರಾಂತ ನಾಯಕನೊಬ್ಬ ಬಂದಿದ್ದರೆ ಇವನು ನಿಮ್ಮ ಬೀದಿಯ ಡಾಕ್ಟರ್ ಅನ್ನಿಸುತ್ತಿರಲಿಲ್ಲ. ಗಂಡ ಫ್ರೆಡ್ ಆಗಿ ಸಿರಿಲ್ ರೇಮಂಡ್ ಇದ್ದಾರೆ. ಟೀ ಕೋಣೆಯ ಯಜಮಾನಿ ಜಾಯ್ಸ್ ಕ್ಯಾರಿ, ಹರಟೆಮಲ್ಲಿ ಡಾಲಿ ಎವರ್ಲಿ ಗ್ರೆಗ್. ಇವರಿಬ್ಬರೂ ಮೂಲ ನಾಟಕದಲ್ಲೂ ಇದ್ದವರು. ಟಿಕೆಟ್ ಇನ್‌ಸ್ಪೆಕ್ಟರ್ ಆಗಿ ಸ್ಟಾನ್ಲಿ ಹಾಲೋವೇ. ಯಜಮಾನಿಗೂ ಇನ್‌ಸ್ಪೆಕ್ಟರ್‌ಗೂ ನಡೆಯುವ ಚೆಲ್ಲಾಟ ಸುಮ್ನೆ ನಗಿಸಲು ಇಟ್ಟದ್ದಲ್ಲ. ಇವರು ಎಲ್ಲರ ಮುಂದೆ ರಾಜಾರೋಷವಾಗಿ ಮಾಡುವುದನ್ನು ಆ ಮೂಲೆಯ ಮೇಜಿನವರು ಕದ್ದುಮುಚ್ಚಿ ಮಾಡಬೇಕು.

ಇನ್ನು ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್. ಲಾರಾ ಪ್ಲಾಟ್‌ಫಾರ್ಮಿನ ಅಂಚಿಗೆ ಓಡುವ ಕ್ಷಣವನ್ನು ಗಮನಿಸಿ ನೋಡಿ. ಎಕ್ಸ್‌ಪ್ರೆಸ್ ರೈಲು ಬರುತ್ತಿದೆ. ಕ್ಯಾಮೆರಾ ನಿಧಾನವಾಗಿ ಒಂದು ಕಡೆಗೆ ವಾಲುತ್ತದೆ. ಓಡುವ ಬೋಗಿಗಳ ಕಿಟಕಿ ಬೆಳಕು ಅವಳ ಮುಖದ ಮೇಲೆ ಬಡಿಯುತ್ತದೆ, ಗಾಳಿಗೆ ಕೂದಲು ಹಾರುತ್ತದೆ. ಅವಳು ಏನು ಮಾಡಲು ಹೊರಟಿದ್ದಳು ಅಂತ ನಮಗೆ ಗೊತ್ತಾಗುತ್ತದೆ, ಆಮೇಲೆ ಕ್ಯಾಮೆರಾ ನೆಟ್ಟಗಾಗುತ್ತದೆ. ಮುಂದೆ ‘ದಿ ಥರ್ಡ್ ಮ್ಯಾನ್’ ಸಿನಿಮಾದಲ್ಲಿ ಇದೇ ವಾಲಿದ ಚೌಕಟ್ಟುಗಳು ಕ್ರಾಸ್ಕರ್‌ಗೆ ಆಸ್ಕರ್ ತಂದುಕೊಟ್ಟವು. ಅದರಲ್ಲೂ ಹೋವರ್ಡ್ ಇದ್ದಾರೆ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶತಮಾನದ 100 ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ ‘ದಿ ಥರ್ಡ್ ಮ್ಯಾನ್’ ಮೊದಲನೆಯದು, ‘ಬ್ರೀಫ್ ಎನ್‌ಕೌಂಟರ್’ ಎರಡನೆಯದು. ಎರಡಕ್ಕೂ ಕ್ಯಾಮೆರಾ ಹಿಡಿದವರು ಒಬ್ಬರೇ. ಅವರ ಹೆಸರು ಮಾತ್ರ ಎಷ್ಟು ಜನಕ್ಕೆ ಗೊತ್ತು?

ಹೆಸರು ಕಾಲ್ಪನಿಕವಾದರೂ ಸಿನಿಮಾದಲ್ಲಿ ಕಾಣುವ ರೈಲು ನಿಲ್ದಾಣ ನಿಜದ್ದು: ಇಂಗ್ಲೆಂಡಿನ ಲ್ಯಾಂಕಶೈರ್‌ನ ಕಾರ್ನ್‌ಫೋರ್ತ್. ಶೂಟಿಂಗ್ ನಡೆದದ್ದು 1945ರ ಫೆಬ್ರವರಿಯ ಚಳಿಯ ರಾತ್ರಿಗಳಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಲಂಡನ್ ಹತ್ತಿರ ರಾತ್ರಿ ದೀಪ ಹಚ್ಚುವ ಹಾಗಿರಲಿಲ್ಲ. ಅಷ್ಟು ದೂರದ ಉತ್ತರದಲ್ಲಾದರೆ ವಿಮಾನ ದಾಳಿಯ ಸುದ್ದಿ ಬಂದರೂ ದೀಪ ಆರಿಸಲು ಸಮಯ ಸಿಗುತ್ತಿತ್ತು. ಟೀ ಕೋಣೆ ಮಾತ್ರ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಈಗ ಕಾರ್ನ್‌ಫೋರ್ತ್ ನಿಲ್ದಾಣದಲ್ಲೂ ಅಂಥದ್ದೇ ಒಂದು ಟೀ ಕೋಣೆ ಕಟ್ಟಿದ್ದಾರೆ.

ಸಂಗೀತಕ್ಕೆ ರಾಖ್ಮನಿನಾಫ್ ಅವರ ಎರಡನೇ ಪಿಯಾನೋ ಕಾನ್ಸರ್ಟೋ ಬಳಸಿದ್ದಾರೆ. ಪಿಯಾನೋ ನುಡಿಸಿದವರು ಆಸ್ಟ್ರೇಲಿಯಾದ ಐಲೀನ್ ಜಾಯ್ಸ್, ವಾದ್ಯವೃಂದ ನಡೆಸಿದವರು ಮ್ಯೂರ್ ಮ್ಯಾಥಿಸನ್. ಲಾರಾ ಬಾಯಿಬಿಟ್ಟು ಕೂಗಲಾರದ್ದನ್ನೆಲ್ಲ ಆ ಪಿಯಾನೋ ಕೂಗುತ್ತದೆ. ಕೆಲವರಿಗೆ ಅದು ಅತಿ ಅನ್ನಿಸುತ್ತದೆ, ನನಗಂತೂ ಅನ್ನಿಸಿಲ್ಲ.

ಲೀನ್ ಮುಂದೆ ದೊಡ್ಡ ದೊಡ್ಡ ಸಿನಿಮಾಗಳ ಕಡೆ ಹೊರಳಿದರು. ಅವರ ಕೊನೆಯ ಚಿತ್ರ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’, ಹೆಚ್ಚಿನ ಪಾಲು ನಮ್ಮಲ್ಲೇ ತಯಾರಾಯಿತು. ಪೇಟೆಯ ಸೆಟ್ ಹಾಕಿದ್ದು ಬೆಂಗಳೂರು ಅರಮನೆ ಆವರಣದಲ್ಲಿ. ಕಥೆಯಲ್ಲಿ ಬರುವ ಮರಬಾರ್ ಗುಹೆಗಳ ದೃಶ್ಯಗಳಿಗೆ ಆರಿಸಿಕೊಂಡದ್ದು ಸಾವನದುರ್ಗ ಮತ್ತು ‘ಶೋಲೆ’ಯಿಂದ ಹೆಸರಾದ ರಾಮದೇವರ ಬೆಟ್ಟ. ಎರಡೂ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡಿ. ಟೀ ಕೋಣೆಯ ಮೂಲೆಯಲ್ಲಿ ಕೂತ ಲಾರಾಳ ಒಳಗಿನ ತಳಮಳ ಹಿಡಿದ ನಿರ್ದೇಶಕನೇ 39 ವರ್ಷ ಆದಮೇಲೆ ನಮ್ಮ ಬಂಡೆಗಳ ನಡುವೆ ಇನ್ನೊಬ್ಬ ಇಂಗ್ಲಿಷ್ ಹೆಣ್ಣಿನ ತಳಮಳ ಹಿಡಿಯಲು ಹೊರಟಿದ್ದು ಸ್ಪಷ್ಟವಾಗಿ ಕಾಣುತ್ತದೆ.